ಅಮ್ಮನ ರಿಪೋರ್ಟಿನಲ್ಲಿ ‘ಹರ್2: 2+’ ಅಂತ ಬಂದಿದೆ. ಏನರ್ಥ? ಮೊದಲು ಆಪರೇಷನ್ನಾ, ಕೀಮೋನಾ?

ಮಾವಿನತೋಪು (ಶ್ರೀನಿವಾಸಪುರ)
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಮಾವಿನ ರೇಟು, ಬೋರ್‌ವೆಲ್ ಮೋಟಾರು ಅಂತ ಕೇಳಿಕೊಂಡಿದ್ದೆ. ಇವತ್ತು ಬೇರೆ ವಿಷಯ.

ಅಮ್ಮನಿಗೆ 54. ಮುಟ್ಟು ನಿಂತು ಮೂರು ವರ್ಷ ಆಯಿತು. ಯುಗಾದಿ ದಿನ ಅಕ್ಕ ಬೆನ್ನಿಗೆ ಎಣ್ಣೆ ಹಚ್ಚುವಾಗ ಎಡ ಕಂಕುಳ ಹತ್ತಿರ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಕೇಳಿದರೆ “ಏಮೀ ಲೇದು” ಅಂತ ಸೆರಗು ಎಳೆದುಕೊಂಡರು. ಬಿಡದೆ ಕೇಳಿದಾಗ ಎದೆಯಲ್ಲೂ ಒಂದು ಗಡ್ಡೆ ಇದೆ ಅಂತ ಗೊತ್ತಾಯಿತು. ಹೋದ ದಸರೆಯಿಂದ ಇದೆಯಂತೆ. ಆರು ತಿಂಗಳು! ನೋವಿರಲಿಲ್ಲ, ಅದಕ್ಕೆ ಹೇಳಲಿಲ್ಲ ಅಂತಾರೆ.

ಮ್ಯಾಮೊಗ್ರಾಮ್ ಆಯಿತು, ಬೈರ್ಯಾಡ್ಸ್ 5 ಅಂತ ಬಂತು, ಅಂದರೆ ಕ್ಯಾನ್ಸರ್ ಅನುಮಾನ ಬಹಳ ಜಾಸ್ತಿ ಅಂತೆ. ಆಮೇಲೆ ದಪ್ಪ ಸೂಜಿಯ ಬಯಾಪ್ಸಿ. ರಿಪೋರ್ಟು ಹೀಗಿದೆ: ಇನ್ವೇಸಿವ್ ಡಕ್ಟಲ್ ಕಾರ್ಸಿನೋಮ (ಸ್ತನ ಕ್ಯಾನ್ಸರ್), ಗ್ರೇಡ್ 2. ಇ.ಆರ್. ಪಾಸಿಟಿವ್, ಪಿ.ಆರ್. ಪಾಸಿಟಿವ್, ಹರ್2 2+. ಗಡ್ಡೆ 3.8 ಸೆಂ.ಮೀ., ಕಂಕುಳಲ್ಲಿ ಒಂದು ಗಂಟು.

ಡಾಕ್ಟರ್ ಮೊದಲು ಕೀಮೋ, ಆಮೇಲೆ ಆಪರೇಷನ್ ಅಂದರು. ಚಿಕ್ಕಪ್ಪ, “ಹಾವನ್ನ ಮನೆಯೊಳಗೆ ಇಟ್ಟುಕೊಂಡು ಆರು ತಿಂಗಳು ಔಷಧಿ ಹೊಡೀತೀರಾ? ನಾಳೆನೇ ತೆಗೆಸಿ” ಅಂತ ಕೂಗಾಡಿದರು. ಅತ್ತೆ ಬೇರೆ, ಸೂಜಿ ಚುಚ್ಚಿಸಿದ್ದೇ ತಪ್ಪು, ಇನ್ನು ಹರಡುತ್ತೆ ಅಂತಾರೆ. ನಾನು ಡಿಪ್ಲೊಮಾ ಓದಿ ನರಸಾಪುರದಲ್ಲಿ ಶಿಫ್ಟ್ ಕೆಲಸ ಮಾಡುವವನು. 2+ ಅಂದರೆ ಪಾಸಾ, ಫೇಲಾ? ಗ್ರೇಡ್ 2 ಅಂದರೆ ಎರಡನೇ ಸ್ಟೇಜಾ?

ಅಮ್ಮನದು ಎರಡೇ ಷರತ್ತು. ಊರಲ್ಲಿ ಯಾರಿಗೂ ಗೊತ್ತಾಗಬಾರದು. ಮತ್ತೆ ಮಾವು ಮುಗಿಯುವವರೆಗೆ ಏನೂ ಶುರು ಮಾಡಬಾರದು.

ಬಂಗಾರಪೇಟೆ_ಪಾನಿಪುರಿ
ಧೈರ್ಯವಾಗಿರಿ ಬ್ರದರ್. ಇಲ್ಲಿ ತಿಳಿದವರಿದ್ದಾರೆ, ಹೇಳುತ್ತಾರೆ.

ಅಂತರಗಂಗೆ
ಆಪರೇಷನ್ನು, ಕೀಮೋ ಯಾವುದಕ್ಕೂ ಅವಸರ ಬೇಡ. ಮಲೆನಾಡಿನ ಕಡೆ ಮರದ ತೊಗಟೆ ಕೊಡುವವರಿದ್ದಾರೆ. ನಮ್ಮ ಭಾವನ ಕಡೆಯವರೊಬ್ಬರಿಗೆ ಗಡ್ಡೆ ಪೂರ್ತಿ ಕರಗಿತು. ಕಣ್ಣಾರೆ ನೋಡಿದ್ದೇನೆ.

ಸ್ಲೈಡು_ಬಣ್ಣ
ನಾನು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಆದರೆ ಇಂಥ ಸ್ಲೈಡುಗಳಿಗೆ ದಿನಾ ಬಣ್ಣ ಹಾಕುವವನು. ಗೊತ್ತಿರುವಷ್ಟು ಹೇಳುತ್ತೇನೆ.

ಗ್ರೇಡ್ ಬೇರೆ, ಸ್ಟೇಜ್ ಬೇರೆ. ಎಲ್ಲರೂ ಇಲ್ಲೇ ಎಡವುವುದು. ಕಳ್ಳ ಎಂಥವನು ಅನ್ನುವುದು ಗ್ರೇಡು. ಎಷ್ಟು ಮನೆಗೆ ನುಗ್ಗಿದ್ದಾನೆ ಅನ್ನುವುದು ಸ್ಟೇಜು. ಗ್ರೇಡ್ 1 ಅಂದರೆ ಕೋಶಗಳಿಗೆ ಇನ್ನೂ ಒಳ್ಳೆ ಕೋಶದ ಮುಖ ಇದೆ. 3 ಅಂದರೆ ಮುಖವೇ ಗುರುತು ಸಿಗುವುದಿಲ್ಲ, ಓಟವೂ ಜಾಸ್ತಿ. ನಿಮ್ಮ ಅಮ್ಮನದು ನಡುವಿನದು. ಸ್ಟೇಜ್ ಗೊತ್ತಾಗುವುದು ಸ್ಕ್ಯಾನ್ ಆದಮೇಲೆ. 3.8 ಸೆಂ.ಮೀ. ಗಡ್ಡೆ, ಕಂಕುಳಲ್ಲಿ ಅಲುಗಾಡುವ ಗಂಟು, ಬೇರೆಲ್ಲೂ ಹೋಗಿಲ್ಲ ಅಂತಾದರೆ ಸಾಮಾನ್ಯವಾಗಿ 2ಬಿ ಅಂತ ಬರೆಯುತ್ತಾರೆ.

ಇ.ಆರ್., ಪಿ.ಆರ್. ಪಾಸಿಟಿವ್ ಅನ್ನುವುದು ಕೆಟ್ಟ ಸುದ್ದಿ ಅಲ್ಲ. ಈ ಕ್ಯಾನ್ಸರ್ ಹಾರ್ಮೋನನ್ನು ಮೇವು ಮಾಡಿಕೊಂಡು ಬೆಳೆಯುತ್ತಿದೆ ಅಂತ ಅರ್ಥ. ಹಾಗಾಗಿ ಮೇವು ನಿಲ್ಲಿಸುವ ಮಾತ್ರೆ ಕೆಲಸ ಮಾಡುತ್ತದೆ. “ಪಾಸಿಟಿವ್ ಬಂದುಬಿಟ್ಟಿದೆ” ಅಂತ ನಮ್ಮ ಕೌಂಟರ್ ಮುಂದೆ ಅಳುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಕೋವಿಡ್ ಕಲಿಸಿದ ಪಾಠ ಅದು!

ಈಗ ಹರ್2. ಕೋಶಕ್ಕೆ ‘ಬೆಳೆ’ ಅಂತ ಹೇಳುವ ಒಂದು ಪ್ರೋಟೀನು ಅದು. ಸೊನ್ನೆ, 1+ ಬಂದರೆ ನೆಗೆಟಿವ್. 3+ ಬಂದರೆ ಪಾಸಿಟಿವ್. 2+ ಅಂದರೆ ಪಾಸೂ ಅಲ್ಲ, ಫೇಲೂ ಅಲ್ಲ, ರೀವ್ಯಾಲ್ಯುಯೇಷನ್‌ಗೆ ಹಾಕಬೇಕು. ಆ ರೀವ್ಯಾಲ್ಯುಯೇಷನ್ನಿನ ಹೆಸರು ಫಿಶ್. ಕೋಶದೊಳಗೆ ಆ ಜೀನ್ ಪ್ರತಿಗಳು ಲೆಕ್ಕಕ್ಕಿಂತ ಜಾಸ್ತಿ ಇವೆಯಾ ಅಂತ ಎಣಿಸುತ್ತಾರೆ. ಮತ್ತೆ ಸೂಜಿ ಚುಚ್ಚಬೇಕಿಲ್ಲ. ಮೊದಲು ತೆಗೆದ ತುಂಡನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, ಬ್ಲಾಕ್ ಅಂತಾರೆ. ಅದನ್ನೂ ಸ್ಲೈಡುಗಳನ್ನೂ ಲ್ಯಾಬಿನಲ್ಲಿ ಕೇಳಿ ತಗೊಳ್ಳಿ. ದೊಡ್ಡ ಆಸ್ಪತ್ರೆಗೆ ಹೋದರೆ ಹೇಗಿದ್ದರೂ ಕೇಳುತ್ತಾರೆ. ರಿಪೋರ್ಟಿನ ಜೆರಾಕ್ಸ್ ಹಿಡಿದು ಹೋಗಿ ವಾಪಸ್ ಬಂದವರು ಎಷ್ಟೋ ಜನ.

ಸೂಜಿಯಿಂದ ಹರಡುತ್ತೆ ಅನ್ನುವುದು ಸುಳ್ಳು. ಅತ್ತೆಗೆ ನನ್ನ ಹೆಸರು ಹೇಳಿ. ಆ ತುಂಡು ಇಲ್ಲದಿದ್ದರೆ ಇ.ಆರ್. ಎಲ್ಲಿಂದ ಗೊತ್ತಾಗುತ್ತಿತ್ತು? ಸಣ್ಣ ಸೂಜಿಯ ಎಫ್‌ಎನ್‌ಎಸಿಯಲ್ಲಿ ಬಿಡಿ ಕೋಶ ಸಿಗುತ್ತದೆ, ಕ್ಯಾನ್ಸರ್ ಹೌದೋ ಅಲ್ಲವೋ ಹೇಳಬಹುದು. ಪೂರ್ತಿ ಜಾತಕ ಬೇಕು ಅಂದರೆ ದಪ್ಪ ಸೂಜಿಯೇ ಬೇಕು.

ಮಾವಿನತೋಪು (ಶ್ರೀನಿವಾಸಪುರ)
ಕೈ ಮುಗೀತೀನಿ ಅಣ್ಣ. ಮೂರು ದಿನದಿಂದ ‘2+’ ನೋಡಿಕೊಂಡೇ ಕೂತಿದ್ದೆ. ಅಮ್ಮನಿಗೆ “ಫಿಶ್ ಟೆಸ್ಟ್ ಮಾಡಬೇಕಂತೆ” ಅಂದೆ. “ಸೋಮವಾರ ಬೇಡ, ನಾನು ಸೋಮವಾರ ಮುಟ್ಟಲ್ಲ” ಅಂದರು. ಯುಗಾದಿಯಿಂದ ಈಚೆಗೆ ಮನೆಯಲ್ಲಿ ನಾವು ನಕ್ಕಿದ್ದು ಇವತ್ತೇ.

ಕೆಜಿಎಫ್_ಹುಡುಗ
ಅಂತರಗಂಗೆ ಅವರೇ, ಕರಗಿದ್ದು ಕ್ಯಾನ್ಸರ್ ಗಡ್ಡೆ ಅಂತ ಬಯಾಪ್ಸಿ ಆಗಿತ್ತಾ? ನಮ್ಮ ದೊಡ್ಡಕ್ಕ ಇದೇ ತೊಗಟೆ ಕಷಾಯ ಎಂಟು ತಿಂಗಳು ಕುಡಿದಳು. ಶುರುವಿನಲ್ಲಿ ನಿಂಬೆಕಾಯಿ ಅಷ್ಟಿತ್ತು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಚರ್ಮ ಒಡೆದು ನೀರು ಸೋರುತ್ತಿತ್ತು, ಬೆನ್ನುಮೂಳೆಗೂ ಹೋಗಿತ್ತು. ಹತ್ತಿರ ಹೋದರೆ ವಾಸನೆ ಅಂತ ಅವಳ ಮಕ್ಕಳೇ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರು. ಇದನ್ನ ಬರೆಯಬಾರದು ಅಂದುಕೊಂಡಿದ್ದೆ. ನಿಮ್ಮ ‘ಅವಸರ ಬೇಡ’ ನೋಡಿ ತಡೆಯಲಾಗಲಿಲ್ಲ.

ಅಂತರಗಂಗೆ
ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಆಸ್ಪತ್ರೆಗೆ ಹೋದವರೆಲ್ಲ ಬದುಕಿದ್ದಾರಾ? ನಾಟಿ ಔಷಧಿ ಅಂದ ತಕ್ಷಣ ಎಲ್ಲರೂ ಮೈಮೇಲೆ ಬರುತ್ತೀರಿ.

ಸ್ಲೈಡು_ಬಣ್ಣ
ಎದೆಯಲ್ಲಿ ಗಡ್ಡೆ ಅಂತ ಬರುವವರಲ್ಲಿ ಹತ್ತಕ್ಕೆ ಎಂಟು ಜನರಿಗಾದರೂ ಕ್ಯಾನ್ಸರ್ ಇರುವುದಿಲ್ಲ. ನೀರುಗುಳ್ಳೆ ಆಗಿದ್ದರೆ ತಾನಾಗಿಯೇ ಇಳಿದು ಹೋಗುತ್ತದೆ. ಆ ಸಮಯದಲ್ಲಿ ಯಾವ ಕಷಾಯ ಕುಡಿದಿರುತ್ತಾರೋ ಹೆಸರು ಅದಕ್ಕೆ.

ರಿಟೈರ್ಡ್_ಸಿಸ್ಟರ್
ಬೆಂಗಳೂರಿನಲ್ಲಿ ಕ್ಯಾನ್ಸರ್ ವಾರ್ಡಿನಲ್ಲಿ 22 ವರ್ಷ ನರ್ಸ್ ಆಗಿದ್ದೆ. ಈಗ ಮುಳಬಾಗಿಲಲ್ಲಿ ಮೊಮ್ಮಕ್ಕಳ ಮೂಗು ಒರೆಸಿಕೊಂಡು ಇದ್ದೇನೆ.

ತೋಪಿನ ಮಗನೇ, ಚಿಕ್ಕಪ್ಪನಿಗೆ ಹೀಗೆ ಹೇಳು. ಕ್ಯಾನ್ಸರ್ ಅಂದರೆ ಬರೀ ಕೈಗೆ ಸಿಗುವ ಗಡ್ಡೆ ಅಲ್ಲ. ಕಂಕುಳಿಗೆ ಹೋಗಿದೆ ಅಂದಮೇಲೆ ಕಣ್ಣಿಗೆ ಕಾಣದ ಕೋಶಗಳು ರಕ್ತದಲ್ಲಿ ಓಡಾಡುತ್ತಿರಬಹುದು. ಚಾಕು ಅಲ್ಲಿಗೆ ಹೋಗಲ್ಲ, ಔಷಧಿ ಹೋಗುತ್ತೆ. ಎರಡನೇ ಲಾಭ, ಗಡ್ಡೆ ಚಿಕ್ಕದಾದರೆ ಪೂರ್ತಿ ಎದೆ ತೆಗೆಯದೆ ಗಡ್ಡೆ ಮಾತ್ರ ತೆಗೆಯಬಹುದು. ಮೂರನೇದು, ಔಷಧಿ ಕೆಲಸ ಮಾಡುತ್ತಿದೆಯಾ ಅಂತ ಕೈಯಲ್ಲೇ ಮುಟ್ಟಿ ನೋಡಬಹುದು. ಮೊದಲೇ ತೆಗೆದರೆ ಯಾವುದನ್ನ ಮುಟ್ಟಿ ನೋಡುವುದು? ಕೀಮೋ ಮೊದಲು ಕೊಟ್ಟರೂ ಆಮೇಲೆ ಕೊಟ್ಟರೂ ಬದುಕುವವರ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ ಅಂತ ದೊಡ್ಡ ದೊಡ್ಡ ಪ್ರಯೋಗ ಮಾಡಿ ನೋಡಿದ್ದಾರೆ. ಮೊದಲು ಕೊಟ್ಟರೆ ಕೆಟ್ಟಿತು ಅನ್ನುವ ಭಯ ಬೇಡ.

ಎದೆ ಉಳಿಸುವ ಯೋಚನೆ ಇದ್ದರೆ ಒಂದು ಮಾತು ಮರೆಯದೆ ಕೇಳು: “ಕ್ಲಿಪ್ ಹಾಕುತ್ತೀರಾ?” ಕೀಮೋಗೆ ಗಡ್ಡೆ ಪೂರ್ತಿ ಮಾಯವಾಗುವುದೂ ಉಂಟು. ಆಗ ಸರ್ಜನ್‌ಗೆ ಜಾಗ ಗೊತ್ತಾಗಬೇಕಲ್ಲ? ಮೊದಲೇ ಒಂದು ಸಣ್ಣ ಲೋಹದ ಗುರುತು ಒಳಗೆ ಬಿಟ್ಟಿರುತ್ತಾರೆ.

ಮಾವಿನ ವಿಷಯ. ಸ್ಕ್ಯಾನು, ಹೃದಯದ ಎಕೋ, ಫಿಶ್ ಎಲ್ಲ ಆಗುವ ಹೊತ್ತಿಗೆ ಎರಡು ವಾರ ಹೋಗುತ್ತೆ. ಅಷ್ಟು ಪರವಾಗಿಲ್ಲ. ಜುಲೈವರೆಗೆ ಅಂದರೆ ಆಗಲ್ಲ. ತೋತಾಪುರಿ ಕಾಯಿ ಕೀಳುವುದಕ್ಕೆ ಆಳು ಸಿಗುತ್ತಾರೆ ಅಂತ ಹೇಳು ನಿಮ್ಮಮ್ಮನಿಗೆ.

ಟೊಮೆಟೊ_ಮಂಡಿ
ಎಲ್ಲ ಸರಿ, ಮೂಲ ಕಾರಣ ಯಾರೂ ಮಾತಾಡಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರದ ಕೆರೆಗಳಿಗೆ ಬಿಟ್ಟಮೇಲೆ ಮನೆಗೊಬ್ಬರಿಗೆ ಕ್ಯಾನ್ಸರ್. ಎರಡೇ ಹಂತ ಶುದ್ಧ ಮಾಡಿದ ಬೆಂಗಳೂರಿನ ಕೊಳಚೆ ನಮಗೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಎಷ್ಟು ಹೋರಾಟ ಆಯಿತು.

ಬಂಗಾರಪೇಟೆ_ಪಾನಿಪುರಿ
ಬಂತು ನೋಡಿ ಕೆ.ಸಿ. ವ್ಯಾಲಿ. ಯಾವ ಚರ್ಚೆ ಶುರುವಾದರೂ ಐದನೇ ಮಾತಿಗೆ ಅಲ್ಲಿಗೆ ಬರುತ್ತೆ.

ಕೆಜಿಎಫ್_ಹುಡುಗ
ಮೂರನೇ ಹಂತದ ಶುದ್ಧೀಕರಣ ಬೇಕು, ಅದರಲ್ಲಿ ನಾನೂ ನಿಮ್ಮ ಕಡೆ. ಆದರೆ ನಮ್ಮ ಅಜ್ಜಿ ಇದೇ ಕಾಯಿಲೆಯಲ್ಲಿ ಹೋಗಿದ್ದು 1994ರಲ್ಲಿ. ಆಗ ಯಾವ ವ್ಯಾಲಿ ನೀರಿತ್ತು?

ಟೊಮೆಟೊ_ಮಂಡಿ
ಒಂದೆರಡು ಮೊದಲೂ ಇತ್ತು. ಈಗ ಯಾಕೆ ಇಷ್ಟು ಜಾಸ್ತಿ, ಅದಕ್ಕೆ ಉತ್ತರ ಕೊಡಿ.

ರಿಟೈರ್ಡ್_ಸಿಸ್ಟರ್
ಕೊಡುತ್ತೇನೆ ಕೇಳಪ್ಪ. ವಯಸ್ಸಾದಷ್ಟೂ ಇದರ ಅಪಾಯ ಜಾಸ್ತಿ, ಈಗ ಜನ ಜಾಸ್ತಿ ವರ್ಷ ಬದುಕುತ್ತಾರೆ. ಮದುವೆ ತಡ, ಮಕ್ಕಳು ಒಂದೋ ಎರಡೋ, ಹಾಲು ಕುಡಿಸುವುದು ಕಡಿಮೆ, ಮುಟ್ಟು ನಿಂತಮೇಲೆ ಮೈ ಬೆಳೆಯುವುದು, ಕುಡಿತ. ಇವೆಲ್ಲ ಒಂದೊಂದು ಚೂರು ಅಪಾಯ ಸೇರಿಸುತ್ತವೆ. ಮತ್ತೆ ಮೊದಲು ಹೆಸರೇ ಇಲ್ಲದೆ ಸಾಯುತ್ತಿದ್ದರು, ಈಗ ಪರೀಕ್ಷೆ ಆಗುತ್ತೆ. ಇದು ಕೋಲಾರದ್ದು ಮಾತ್ರ ಅಲ್ಲ. ಭಾರತದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. 2022ರ ಅಂದಾಜಿನಲ್ಲಿ ಹೊಸದಾಗಿ ಸುಮಾರು 1.92 ಲಕ್ಷ ಜನ. ಅವರೆಲ್ಲ ನಮ್ಮ ಕೆರೆ ನೀರು ಕುಡಿದವರಾ?

ಹಾಂ, ಏನೂ ಅಪಾಯ ಇಲ್ಲದವರಿಗೂ ಬರುತ್ತೆ. ನಾಲ್ಕು ಹೆತ್ತು ಎಲ್ಲರಿಗೂ ಎರಡೆರಡು ವರ್ಷ ಹಾಲು ಕುಡಿಸಿದವರನ್ನೂ ವಾರ್ಡಿನಲ್ಲಿ ನೋಡಿದ್ದೇನೆ. “ನಾನೇನು ತಪ್ಪು ಮಾಡಿದೆ ಸಿಸ್ಟರ್” ಅಂತ ಕೇಳುತ್ತಿದ್ದರು. ಏನು ಹೇಳುವುದು?

ನಿರ್ವಾಹಕ
ಕೆರೆ ನೀರಿನ ಚರ್ಚೆಗೆ ಬೇರೆ ಎಳೆ ಇದೆ, 400 ಮಾತು ದಾಟಿದೆ. ಅಲ್ಲಿಗೆ ಹೋಗಿ. ಇಲ್ಲಿ ರಿಪೋರ್ಟು ಹಾಕುವಾಗ ಹೆಸರು, ಆಸ್ಪತ್ರೆ ನಂಬರು ಕಾಣದ ಹಾಗೆ ಹಾಕಿ.

ಮಾಲೂರು_ಮೇಡಂ
ಮೂರು ದಿನ ಸುಮ್ನೆ ಓದಿಕೊಂಡು ಇದ್ದೆ. ಬರೆಯಲೋ ಬೇಡವೋ ಅಂತ. ನಾನು ಶಾಲೆ ಟೀಚರ್. ನನಗೆ 41ಕ್ಕೆ ಬಂತು. ಈಗ 48.

ನನ್ನದು ಟ್ರಿಪಲ್ ನೆಗೆಟಿವ್. ಅಂದರೆ ಇ.ಆರ್., ಪಿ.ಆರ್., ಹರ್2 ಮೂರೂ ಇಲ್ಲ. ಹಾರ್ಮೋನ್ ಮಾತ್ರೆಯೂ ಇಲ್ಲ, ಹರ್2 ಇಂಜೆಕ್ಷನ್ನೂ ಇಲ್ಲ. ಕೀಮೋ, ಆಪರೇಷನ್, ರೇಡಿಯೇಷನ್ ಅಷ್ಟೇ. ಸ್ಲೈಡು_ಬಣ್ಣ ಹೇಳಿದ್ದು ನಿಜ, ಇದರಲ್ಲಿ ಮೂರೂ ನೆಗೆಟಿವ್ ಬಂದರೇ ಚಿಂತೆ.

ಮೊದಲ ನಾಲ್ಕು ಸಲ ಕೆಂಪು ಔಷಧಿ. ಬಾಟಲಿ ನೋಡಿದರೆ ರಸ್ನಾ ಇದ್ದ ಹಾಗೆ ಇರುತ್ತೆ. ಅವತ್ತು ಮೂತ್ರವೂ ಕೆಂಪಾಗಿ ಹೋಗುತ್ತೆ, ರಕ್ತ ಅಂತ ಹೆದರಬೇಡಿ. ನನಗೆ ಯಾರೂ ಹೇಳಿರಲಿಲ್ಲ. ರಾತ್ರಿ ಎರಡು ಗಂಟೆಗೆ ಬಚ್ಚಲಿನಲ್ಲಿ ನಿಂತು ಕಿರುಚಿದ್ದೆ. ವಾಂತಿಗೆ ಈಗ ಒಳ್ಳೆ ಮಾತ್ರೆ ಇದೆ, ವಾಂತಿ ಬಂದಮೇಲೆ ಅಲ್ಲ, ಬರುವ ಮೊದಲೇ ತಗೊಳ್ಳಬೇಕು. ಬಾಯಿಗೆ ರುಚಿ ಇರಲ್ಲ. ನನಗೆ ಸೇರುತ್ತಿದ್ದದ್ದು ಮೆತ್ತಗಿನ ಮುದ್ದೆ, ಹುಣಸೆ ಹುಳಿ ಮುಂದಾಗಿ ಹಾಕಿದ ಬಸ್ಸಾರು, ಬೇಯಿಸಿದ ಮೊಟ್ಟೆ.

ಥರ್ಮಾಮೀಟರ್ ಮನೆಯಲ್ಲಿ ಇರಲೇಬೇಕು. ಕೀಮೋ ಆದ ಒಂದು ವಾರಕ್ಕೆ ಬಿಳಿ ರಕ್ತಕಣ ಇಳಿಯುತ್ತದೆ. 100.4 ಡಿಗ್ರಿ ಜ್ವರ ಬಂದರೆ ಬೆಳಗ್ಗೆ ನೋಡೋಣ ಅನ್ನುವ ಹಾಗಿಲ್ಲ. ಡೋಲೊ ನುಂಗಿ ಮಲಗುವ ಹಾಗೂ ಇಲ್ಲ. ಆವತ್ತೇ, ಆ ರಾತ್ರಿಯೇ ಆಸ್ಪತ್ರೆ.

ಇನ್ನೊಂದು. ಮನೆಯಲ್ಲಿ ನನಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟರು. ಅತ್ತೆ ಕೆಟ್ಟವರಲ್ಲ. ಮಗುವಿಗೆ ಅಂಟಿಬಿಟ್ಟರೆ ಅಂತ ಹೆದರಿದ್ದರು. ಆರು ತಿಂಗಳು ನಾನು ಮಗನಿಗೆ ಕೈತುತ್ತು ಹಾಕಲಿಲ್ಲ. ಇದು ಅಂಟುವ ಕಾಯಿಲೆ ಅಲ್ಲ. ನನ್ನ ಡಾಕ್ಟರ್ ಒಂದು ದಿನ ಅತ್ತೆಯ ಎದುರಿಗೇ ನನ್ನ ಬಾಟಲಿಯಿಂದ ನೀರು ಕುಡಿದರು. ಅಲ್ಲಿಗೆ ಮುಗಿಯಿತು.

ನನಗೆ ಪೂರ್ತಿ ಎದೆ ತೆಗೆದರು. ಆಮೇಲೆ ಶಾಲೆಗೆ ಹೋಗಬೇಕಲ್ಲ? ಬ್ಲೌಸಿನೊಳಗೆ ಇಟ್ಟುಕೊಳ್ಳುವ ಸಿಲಿಕೋನಿನ ಎದೆಗೆ ಬೆಲೆ ಜಾಸ್ತಿ. ಹತ್ತಿ ತುಂಬಿದರೆ ಹಗುರ, ಮೇಲಕ್ಕೆ ಬರುತ್ತೆ. ಕೊನೆಗೆ ಬಟ್ಟೆ ಚೀಲ ಹೊಲಿದು ರಾಗಿ ತುಂಬಿದೆ. ತೂಕ ಸರಿಯಾಗಿ ಕೂತಿತು! ಒಂದು ದಿನ ಮಳೆಯಲ್ಲಿ ನೆನೆದು ಬಂದು ಬ್ಲೌಸ್ ಸಮೇತ ಹಾಗೇ ಬಿಟ್ಟೆ. ಎರಡು ದಿನ ಬಿಟ್ಟು ನೋಡಿದರೆ ಮೊಳಕೆ. ಗಂಡ, ನಾನು ಬಿದ್ದು ಬಿದ್ದು ನಕ್ಕೆವು, ಆಮೇಲೆ ಅವರು ಅತ್ತರು. ಈಗ ಹತ್ತಿ ನೂಲಿನಲ್ಲಿ ಹೆಣೆದು ಉಚಿತವಾಗಿ ಕಳಿಸುವ ಸ್ವಯಂಸೇವಕರಿದ್ದಾರೆ. ಅದು ಸಿಕ್ಕಿದಮೇಲೆ ರಾಗಿ ಮುದ್ದೆಗೆ ಮಾತ್ರ.

ಬಂಗಾರಪೇಟೆ_ಪಾನಿಪುರಿ
ಮೇಡಂ 🙏 ಏನು ಬರೆಯಬೇಕು ಗೊತ್ತಾಗುತ್ತಿಲ್ಲ.

ಶಿಡ್ಲಘಟ್ಟ_ರೇಷ್ಮೆ
ಎಲ್ಲರೂ ಹೆಂಗಸರ ಕಾಯಿಲೆ ಅಂತ ಬರೆಯುತ್ತಿದ್ದೀರಿ. ನಮ್ಮ ದೊಡ್ಡಪ್ಪನಿಗೂ ಬಂತು. ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ತಾಗಿದ ಗಂಟು ಅಂತ ಒಂದು ವರ್ಷ ಬಿಟ್ಟರು. ತೊಟ್ಟು ಒಳಗೆ ಸೇದಿಕೊಂಡಿತ್ತು. ನೂರು ಸ್ತನ ಕ್ಯಾನ್ಸರಿನಲ್ಲಿ ಒಂದು ಗಂಡಸರದ್ದಂತೆ. ಮೊದಲು ಒಂದು ನರ್ಸಿಂಗ್ ಹೋಮಿನಲ್ಲಿ ಗಡ್ಡೆ ತೆಗೆದು ಬಿಸಾಕಿದರು. ಪರೀಕ್ಷೆಗೆ ಕಳಿಸಲೇ ಇಲ್ಲ! ಮತ್ತೆ ಬೆಳೆದಾಗಲೇ ಗೊತ್ತಾಗಿದ್ದು. ಎಲ್ಲೇ ಯಾವ ಗಡ್ಡೆ ತೆಗೆಸಿದರೂ ಬಯಾಪ್ಸಿಗೆ ಕಳಿಸಿ ಅಂತ ಬಾಯಿಬಿಟ್ಟು ಕೇಳಿ.

ಗಂಡಸರಿಗೆ ಬಂದರೆ ವಂಶದ ಜೀನ್ ನೋಡಬೇಕು ಅಂತ ಅವರ ಹೆಣ್ಣುಮಕ್ಕಳಿಗೂ ರಕ್ತಪರೀಕ್ಷೆ ಮಾಡಿಸಿದರು. ಬ್ರಕಾ ಅಂತ. ಒಬ್ಬಳಿಗೆ ಇದೆ, ಒಬ್ಬಳಿಗೆ ಇಲ್ಲ.

ಮಾವಿನತೋಪು (ಶ್ರೀನಿವಾಸಪುರ)
ಅಯ್ಯೋ, ಹಾಗಾದರೆ ನಮ್ಮ ಅಕ್ಕನಿಗೂ ಮಾಡಿಸಬೇಕಾ?

ರಿಟೈರ್ಡ್_ಸಿಸ್ಟರ್
ತಕ್ಷಣ ಬೇಡ. ನೂರರಲ್ಲಿ 5ರಿಂದ 10 ಮಾತ್ರ ವಂಶದಿಂದ ಬರುವಂಥದ್ದು. ಚಿಕ್ಕ ವಯಸ್ಸಿನಲ್ಲಿ ಬಂದರೆ, ಎರಡೂ ಕಡೆ ಬಂದರೆ, ಮನೆಯಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದರೆ, ಗಂಡಸರಿಗೆ ಬಂದರೆ, ಮಾಲೂರಿನ ಮೇಡಂ ತರಹ ಟ್ರಿಪಲ್ ನೆಗೆಟಿವ್ ಆದರೆ ಕೇಳುತ್ತಾರೆ. ಮಾಡುವುದಾದರೂ ಮೊದಲು ಅಮ್ಮನಿಗೆ, ಆಮೇಲೆ ಅಕ್ಕನಿಗೆ. ಅಕ್ಕ 40ರ ಹೊತ್ತಿಗೆ ಮ್ಯಾಮೊಗ್ರಾಮ್ ಬಗ್ಗೆ ಡಾಕ್ಟರನ್ನ ಕೇಳಲಿ, ಸಾಕು.

ಹೆಸರು_ಬೇಡ_ಪ್ಲೀಸ್
ನನಗೆ 23. ಬಲಗಡೆ ಗೋಲಿ ತರಹ ಇದೆ. ಬೆರಳಿಟ್ಟರೆ ಆ ಕಡೆ ಈ ಕಡೆ ಜಾರುತ್ತೆ. ಇದೆಲ್ಲ ಓದಿ ನಿನ್ನೆಯಿಂದ ನಿದ್ದೆ ಇಲ್ಲ. ಮ್ಯಾಮೊಗ್ರಾಮ್ ಮಾಡಿಸಲಾ?

ರಿಟೈರ್ಡ್_ಸಿಸ್ಟರ್
ಮಗಳೇ, ನಿನ್ನ ವಯಸ್ಸಿಗೆ ಜಾರುವ ಗೋಲಿ ಅಂದರೆ ಬಹುತೇಕ ಫೈಬ್ರೊಅಡೆನೋಮ, ಕ್ಯಾನ್ಸರ್ ಅಲ್ಲ. ಹಾಗಂತ ನನ್ನ ಮಾತು ಕೇಳಿ ಮನೆಯಲ್ಲಿ ಕೂರಬೇಡ, ಡಾಕ್ಟರಿಗೆ ತೋರಿಸು. ನಿನ್ನ ವಯಸ್ಸಿಗೆ ಮ್ಯಾಮೊಗ್ರಾಮ್ ಅಲ್ಲ, ಅಲ್ಟ್ರಾಸೌಂಡ್. ಚಿಕ್ಕವರ ಎದೆ ದಟ್ಟವಾಗಿರುತ್ತೆ, ಎಕ್ಸ್‌ರೇಯಲ್ಲಿ ಎಲ್ಲ ಬೆಳ್ಳಗೆ ಮಂಜು ಕವಿದ ನಂದಿಬೆಟ್ಟ ಆಗಿಬಿಡುತ್ತೆ. ಅಮ್ಮನಿಗೆ ಹೇಳಿದ್ದೀಯಾ?

ಹೆಸರು_ಬೇಡ_ಪ್ಲೀಸ್
ಇಲ್ಲ. ನಾಳೆ ಹೇಳುತ್ತೇನೆ.

ಟೊಮೆಟೊ_ಮಂಡಿ
ಮ್ಯಾಮೊಗ್ರಾಮಿನಿಂದ ರೇಡಿಯೇಷನ್ ಬೀಳುತ್ತೆ, ಅದರಿಂದಲೇ ಕ್ಯಾನ್ಸರ್ ಬರುತ್ತೆ ಅಂತ ಒಂದು ವಿಡಿಯೋ ಬಂದಿತ್ತು.

ಸ್ಲೈಡು_ಬಣ್ಣ
ಬೀಳುವುದು ಸುಮಾರು 0.4 ಮಿಲಿಸೀವರ್ಟ್. ಸುಮ್ನೆ ಭೂಮಿ ಮೇಲೆ ಓಡಾಡಿಕೊಂಡಿದ್ದರೂ ಏಳು ವಾರದಲ್ಲಿ ಅಷ್ಟು ಬೀಳುತ್ತೆ. ಆ ವಿಡಿಯೋದವರು ಗಿಡಮೂಲಿಕೆ ಪುಡಿ ಏನಾದರೂ ಮಾರುತ್ತಿದ್ದರಾ?

ಟೊಮೆಟೊ_ಮಂಡಿ
...ಹೌದು.

ಆಶಾ_ಚಿಂತಾಮಣಿ
ನಾನು ಆಶಾ ಕಾರ್ಯಕರ್ತೆ. ಮ್ಯಾಮೊಗ್ರಾಮ್ ಎಲ್ಲ ಊರಿಗೆ ಎಲ್ಲಿಂದ ತರುವುದು? 30 ದಾಟಿದ ಹೆಂಗಸರಿಗೆ ಕೈಯಿಂದ ಪರೀಕ್ಷೆ ಮಾಡುವ ವ್ಯವಸ್ಥೆ ಉಪಕೇಂದ್ರದಲ್ಲೇ ಇದೆ. ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾಗಿದ್ದೇ ನಿಮ್ಮ ಕೋಲಾರ ಜಿಲ್ಲೆಯಲ್ಲಿ. ನಾವು ಮನೆಗೆ ಬಂದರೆ ಬಿಪಿ, ಶುಗರ್ ಖುಷಿಯಾಗಿ ತೋರಿಸುತ್ತಾರೆ. ಎದೆ ಅಂದ ತಕ್ಷಣ “ಹಾಲು ಉಕ್ಕುತ್ತಿದೆ” ಅಂತ ಒಳಗೆ ಓಡುತ್ತಾರೆ. ಎಲ್ಲರ ಮನೆಯಲ್ಲೂ ನಾನು ಹೋದಾಗಲೇ ಹಾಲು ಉಕ್ಕುತ್ತೆ.

ಕೈ ಪರೀಕ್ಷೆಯಿಂದ ಏನಾಗುತ್ತೆ ಅನ್ನಬೇಡಿ. ಟ್ರೈನಿಂಗಿನಲ್ಲಿ ಹೇಳಿದ್ದರು. ಮುಂಬೈನ ಟಾಟಾ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ನೋಡಿದರು. ಪರೀಕ್ಷೆ ಮಾಡಿದ್ದು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು, ಎರಡು ವರ್ಷಕ್ಕೊಮ್ಮೆ. 2021ರಲ್ಲಿ ಫಲಿತಾಂಶ ಬಂತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು 30% ಕಡಿಮೆ. ಮಷೀನ್ ಇಲ್ಲ, ಬರೀ ಕೈ.

ಕೆಜಿಎಫ್_ಹುಡುಗ
50ಕ್ಕಿಂತ ಕೆಳಗಿನವರಿಗೆ?

ಆಶಾ_ಚಿಂತಾಮಣಿ
ಸಾವಿನ ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಇರುವುದನ್ನ ಇದ್ದ ಹಾಗೆ ಹೇಳುತ್ತೇನೆ. ಆದರೆ ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕಿತು.

ಮಾವಿನತೋಪು (ಶ್ರೀನಿವಾಸಪುರ)
ದುಡ್ಡಿನ ವಿಷಯ ಯಾರಾದರೂ ಹೇಳಿ. ಬಿಪಿಎಲ್ ಕಾರ್ಡ್ ಇದೆ. ಫಿಶ್ ಪಾಸಿಟಿವ್ ಬಂದರೆ ಇಂಜೆಕ್ಷನ್ ಬಹಳ ದುಬಾರಿ ಅಂತ ಹೆದರಿಸುತ್ತಿದ್ದಾರೆ.

ಶಿಡ್ಲಘಟ್ಟ_ರೇಷ್ಮೆ
ನಾವು ಓಡಾಡಿದ್ದು ಹೇಳುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30% ಕೊಡುತ್ತಾರೆ, ವರ್ಷಕ್ಕೆ ಒಂದೂವರೆ ಲಕ್ಷ ಮಿತಿ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಂಡು ಹೋಗಿ. ರೇಷನ್ ಕಾರ್ಡ್, ಆಧಾರ್ ಎರಡರಲ್ಲೂ ಹೆಸರು ಒಂದೇ ತರಹ ಇದೆಯಾ ನೋಡಿ. ದೊಡ್ಡಪ್ಪನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಇದ್ದಿದ್ದಕ್ಕೆ ಒಂಬತ್ತು ದಿನ ಹೋಯಿತು.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಬೆಳಗಿನ ಮೊದಲ ಬಸ್ಸು ಹಿಡಿಯಿರಿ. 1973ರಿಂದ ಇರುವ ಸಂಸ್ಥೆ, ರಾಜ್ಯದ ಎಲ್ಲ ಕಡೆಯಿಂದ ಜನ ಬರುತ್ತಾರೆ, ಕಾಯಬೇಕಾಗುತ್ತೆ. ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ. ರೈಲಿನಲ್ಲಿ ಹೋದರೆ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಫಾರಂ ಕೇಳಿ.

ಸ್ಲೈಡು_ಬಣ್ಣ
ಹರ್2 ಇಂಜೆಕ್ಷನ್ ಅಂದರೆ ಟ್ರಾಸ್ಟುಜುಮ್ಯಾಬ್. ಮೂರು ವಾರಕ್ಕೊಂದರಂತೆ ಒಂದು ವರ್ಷ. ಅಮೆರಿಕದಲ್ಲಿ 1998ರಲ್ಲಿ ಬಂದಾಗ ನಮ್ಮಂಥವರ ಕೈಗೆ ಎಟುಕುವ ಮಾತೇ ಇರಲಿಲ್ಲ. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದರ ಸಮಾನ ಔಷಧಿ ಇಲ್ಲಿ ಬಿಟ್ಟಿತು. ಆಮೇಲೆ ಬೇರೆ ಕಂಪನಿಯವೂ ಬಂದವು. ಅಗ್ಗ ಅಲ್ಲ, ಆದರೆ ಮೊದಲಿನ ಕಥೆ ಇಲ್ಲ. ಫಿಶ್ ಬರುವ ಮೊದಲೇ ಜಮೀನು ಮಾರುವ ಮಾತು ಬೇಡ.

ಅಂತರಗಂಗೆ
ನಾನು ನಾಟಿ ಔಷಧಿ ಬಿಟ್ಟುಕೊಡಲ್ಲ. ಆದರೆ ಕೆಜಿಎಫ್ ಹುಡುಗ ಬರೆದಿದ್ದು ಮನಸ್ಸಿನಲ್ಲಿ ಕೂತಿದೆ. ನಿನ್ನೆ ಭಾವನಿಗೆ ಫೋನ್ ಮಾಡಿ ಕೇಳಿದೆ. ಬಯಾಪ್ಸಿ ಆಗಿರಲಿಲ್ಲವಂತೆ.

ಕೆಜಿಎಫ್_ಹುಡುಗ
ಕೇಳಿದ್ದಕ್ಕೆ ಥ್ಯಾಂಕ್ಸ್ ಸರ್.

ಮಾವಿನತೋಪು (ಶ್ರೀನಿವಾಸಪುರ)
ಐದು ವಾರ ಆದಮೇಲೆ ಬರೆಯುತ್ತಿದ್ದೇನೆ. ಫಿಶ್ ನೆಗೆಟಿವ್. ಸ್ಕ್ಯಾನಿನಲ್ಲಿ ಎದೆ, ಕಂಕುಳು ಬಿಟ್ಟು ಬೇರೆಲ್ಲೂ ಇಲ್ಲ. 2ಬಿ, ಸ್ಲೈಡು ಅಣ್ಣ ಹೇಳಿದ ಹಾಗೇ. ಕ್ಲಿಪ್ ಬಗ್ಗೆ ಕೇಳಿದೆ. ಡಾಕ್ಟರ್ ಕನ್ನಡಕದ ಮೇಲಿಂದ ನೋಡಿ “ನಿಮಗೆ ಯಾರು ಹೇಳಿದ್ದು?” ಅಂದರು. ಹಾಕಿದ್ದಾರೆ. ಕೀಮೋ, ಆಪರೇಷನ್, ಮೂರು ವಾರ ರೇಡಿಯೇಷನ್, ಆಮೇಲೆ ಕನಿಷ್ಠ ಐದು ವರ್ಷ ಲೆಟ್ರೊಜೋಲ್ ಮಾತ್ರೆ, ಸ್ಲೈಡು ಅಣ್ಣ ಹೇಳಿದ ಮೇವು ನಿಲ್ಲಿಸುವ ಮಾತ್ರೆ ಅದೇ. ಚಿಕ್ಕಪ್ಪ ಇನ್ನೂ ಗೊಣಗುತ್ತಿದ್ದಾರೆ, ಆದರೆ ಮೊದಲ ಕೀಮೋಗೆ ಕಾರ್ ತಂದವರು ಅವರೇ.

ಮೊದಲನೇದು ಆಗಿ ಇವತ್ತಿಗೆ 16 ದಿನ. ಬೆಳಗ್ಗೆ ಬಾಚಣಿಗೆ ತುಂಬ ಕೂದಲು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಂಗಿದ್ದರೂ ಹೋಗುತ್ತೆ. ಚಿಕ್ಕ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬರುತ್ತೇನೆ. ಬೋಳುತಲೆ ಯಾಕೆ ಅಂತ ಊರಲ್ಲಿ ಒಬ್ಬರೂ ಕೇಳಲ್ಲ” ಅಂದರು. ನನಗೆ ಹೊಳೆದೇ ಇರಲಿಲ್ಲ! ಕರೆದುಕೊಂಡು ಹೋಗಬಹುದಾ? ಎರಡನೇ ಕೀಮೋ ಮುಂದಿನ ಗುರುವಾರ.

ರಿಟೈರ್ಡ್_ಸಿಸ್ಟರ್
ನಿಮ್ಮಮ್ಮ ನಮ್ಮೆಲ್ಲರಿಗಿಂತ ಜಾಣೆ. ಈಗ ರಕ್ತಕಣ ಮೇಲೆ ಬರುತ್ತಿರುತ್ತೆ. ಕೀಮೋಗೆ ಎರಡು ದಿನ ಮೊದಲು ಹೋಗಿ, ರಕ್ತಪರೀಕ್ಷೆ ಮಾಡಿಸಿ ನೋಡಿಕೊಂಡು. ಜನಜಂಗುಳಿ ಬೇಡ, ಮಾಸ್ಕ್ ಇರಲಿ. ಬ್ಲೇಡು, ಕತ್ತಿ ತಾಗಿಸಬೇಡಿ. ಒಂದು ಗೀರು ಬಿದ್ದರೂ ಸೋಂಕು. ಮಷೀನಿನಲ್ಲಿ ಹೊಡೆಸಿ.

ಬಂಗಾರಪೇಟೆ_ಪಾನಿಪುರಿ
ದೇವಸ್ಥಾನದಲ್ಲಿ ಮಷೀನಿಗೆ ಒಪ್ಪುತ್ತಾರಾ? ಅಲ್ಲಿ ಕತ್ತಿಯೇ ಅಲ್ವಾ?

ಅಂತರಗಂಗೆ
ಮೂರು ಹಿಡಿ ಕತ್ತರಿಸಿ ಕೊಟ್ಟರೂ ಮುಡಿಯೇ. ಉಳಿದಿದ್ದು ಮನೆಯಲ್ಲಿ ಮಷೀನು ಹೊಡೆಸಿ. ದೇವರು ಲೆಕ್ಕ ಹಾಕಲ್ಲ.

ಮಾಲೂರು_ಮೇಡಂ
ಶನಿವಾರ ಬರಬೇಡಿ, ನೂಕುನುಗ್ಗಲು. ಮಂಗಳವಾರ ಬೆಳಗ್ಗೆ ಬನ್ನಿ, ನನ್ನ ಮನೆ ದಾರಿಯಲ್ಲೇ. ಮಷೀನು ನನ್ನ ಹತ್ತಿರ ಇದೆ, ಅವತ್ತು ನನ್ನ ಗಂಡ ತಂದಿದ್ದು. ತಿಂಡಿ ಇಲ್ಲೇ. ಅಮ್ಮನಿಗೆ ಖಾರ ಆಗುತ್ತಾ, ಸಪ್ಪೆ ಮಾಡಲಾ?